ಕೆಂಪು ಬಟ್ಟೆ ಕಟ್ಟಿದ ಪ್ಲಗ್ಗು

"ಆ ಪ್ಲಗ್ ಮುಟ್ಟಬೇಡಿ ಚಿಕ್ಕಪ್ಪ."

ಒಂದು ಕೈಯಲ್ಲಿ ಟೇಬಲ್ ಫ್ಯಾನಿನ ವೈರು ಹಿಡಿದು, ಇನ್ನೊಂದು ಕೈಯನ್ನು ಗೋಡೆಯ ಸಾಕೆಟ್ಟಿಗೆ ಚಾಚಿದ್ದ ಚಿಕ್ಕಪ್ಪ ಬಗ್ಗಿದಲ್ಲೇ ನಿಂತರು. ಬೆಳಗ್ಗೆಯಿಂದ ತುಟಿ ಬಿಚ್ಚದೆ ಕೂತಿದ್ದ ಹೆಂಗಸು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಜನ ಬೆವರ್ತಾ ಇದಾರಮ್ಮ," ಎಂದರು ಚಿಕ್ಕಪ್ಪ. "ಫ್ಯಾನ್ ಹಾಕೋಣ ಅಂತ. ಇದು ಹೇಗೂ ಕೆಟ್ಟು ಕೂತಿರೋ ಕಂಪ್ಯೂಟರು. ನೋಡು, ಪರದೆ ಕಪ್ಪಗಿದೆ."

"ಕೆಂಪು ಬಟ್ಟೆ ಕಟ್ಟಿದೆ."

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪ್ಲಗ್ಗಿನ ಕುತ್ತಿಗೆಗೆ ಬೆರಳಗಲದ ಕೆಂಪು ಬಟ್ಟೆಯ ಚೂರೊಂದನ್ನು ಗಂಟಿನ ಮೇಲೆ ಗಂಟು ಹಾಕಿ ಕಟ್ಟಲಾಗಿತ್ತು. ಅವರು ಬೇರೆ ಊರಿನಿಂದ ಬಂದವರು, ಅದರ ಅರ್ಥ ಗೊತ್ತಿರಲಿಲ್ಲ. ಬೀದಿಯವರಿಗೆಲ್ಲ ಗೊತ್ತಿತ್ತು. ಔಷಧಿ ಅಂಗಡಿಯವನು ಮುಂದೆ ಬಂದು ಚಿಕ್ಕಪ್ಪನ ಕೈಯಿಂದ ಫ್ಯಾನಿನ ವೈರು ತೆಗೆದುಕೊಂಡು, ಆಚೆ ಗೋಡೆಯಲ್ಲಿ ಹೊಲಿಗೆ ಯಂತ್ರದ ಸಾಕೆಟ್ಟಿಗೆ ಸಿಕ್ಕಿಸಿದ. ಫ್ಯಾನು ತಿರುಗಿತು. ಕೋಣೆಯ ನಡುವೆ ಮಂಚದ ಮೇಲೆ ಮಲಗಿದ್ದವನಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಗಾಳಿಗೆ ಎದ್ದಿತು. ಆ ಹೆಂಗಸು, ಮಲಗಿದ್ದವನ ತಂಗಿ, ಎದ್ದು ಹೋಗಿ ಅದನ್ನು ಹಾಸಿಗೆಯ ಕೆಳಗೆ ಮಡಚಿ ಸಿಕ್ಕಿಸಿ, ಮತ್ತೆ ಬಂದು ಪ್ಲಗ್ಗಿನ ಪಕ್ಕದ ಸ್ಟೂಲಿನ ಮೇಲೇ ಕೂತಳು.

ಬೀದಿಗೆ ತೆರೆದುಕೊಂಡ ಆ ಕೋಣೆಯೇ ಅಣ್ಣ ತಂಗಿಯರ ಅಂಗಡಿ. ಎಡಗೋಡೆಗೆ ಅವಳ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಹ್ಯಾಂಗರಿನಲ್ಲಿ ತೂಗುವ ಅರ್ಧಂಬರ್ಧ ಕೋಟುಗಳು. ಬಲಗೋಡೆಗೆ ಅವನ ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ನಿಂತ ಕಂಪ್ಯೂಟರುಗಳು. ಬೀದಿಯವರು ಅವನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಹಿಂದಿನಿಂದ ಅಲ್ಲ, ಎದುರಿಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಬೇಗ ಮುಗಿಸಿಕೊಡಿ ಎಂದು ಬೇಡಿಕೊಂಡವರಿಗೆ "ತಾಳಿ" ಎನ್ನುತ್ತಿದ್ದ. ಸಿಟ್ಟು ಮಾಡಿಕೊಂಡವರಿಗೆ "ಸ್ವಲ್ಪ ತಾಳಿ" ಎನ್ನುತ್ತಿದ್ದ. ಅದಕ್ಕಿಂತ ಉದ್ದದ ಉತ್ತರ ಪಡೆದವರನ್ನು ಯಾರೂ ಕಂಡಿರಲಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಮುಂಚೆ ಅವನು ಮೇಜಿನಿಂದ ಎದ್ದು, ಪರದೆ ಮಾತ್ರ ಆರಿಸಿ, ತಂಗಿಯ ಕಾಲ ಬಳಿ ಬಿದ್ದ ಚೂರುಗಳಲ್ಲಿ ಕೆಂಪನೆಯದೊಂದನ್ನು ಹೆಕ್ಕಿ ಈ ಪ್ಲಗ್ಗಿಗೆ ಕಟ್ಟಿದ್ದ.

"ಇದು ಮೈಕಿಂದು," ಎಂದಿದ್ದ, ಗೆಳೆಯನ ಅಡ್ಡಹೆಸರು ಹಿಡಿದು. "ಯಾರೂ ಮುಟ್ಟದ ಹಾಗೆ ನೋಡ್ಕೋ. ಯಾಕೋ ಸುಸ್ತು, ಸ್ವಲ್ಪ ಮಲಗ್ತೀನಿ."

ಅವಳು ಹೂಂ ಎಂದು ಹೊಲಿಗೆ ಮುಂದುವರಿಸಿದಳು. ಒಂದು ತೋಳು ಜೋಡಿಸಿ ಮುಗಿಸಿ, ಊಟಕ್ಕೆ ಎಬ್ಬಿಸಲು ಒಳಗೆ ಹೋದಾಗ ಅವನು ಏಳಲಿಲ್ಲ. ಡಾಕ್ಟರು ಬಂದು, ನಿದ್ದೆಯಲ್ಲೇ ಹೋಗಿದ್ದಾರೆ, ನೋವು ತಿಂದಿಲ್ಲ ಎಂದರು. ಆಮೇಲೆ ಜನ ಬಂದರು, ಫೋನು ಬಂದವು, ಮಂಚ ಒಳಗಿನಿಂದ ಅಂಗಡಿಗೆ ಬಂತು. ಆ ಗಲಾಟೆಯಲ್ಲಿ ಅವಳು ಊಟ ಮರೆತಳು, ಬಾಗಿಲು ಹಾಕುವುದನ್ನು ಮರೆತಳು, ಪ್ಲಗ್ಗನ್ನು ಮಾತ್ರ ಮರೆಯಲಿಲ್ಲ. ಅಣ್ಣ ತನ್ನ ಕೆಲಸ ತಾನೇ ಮಾಡಿಕೊಳ್ಳುವ ಆಸಾಮಿ. ಒಂದು ಲೋಟ ನೀರನ್ನೂ ಅವಳ ಕೈಯಲ್ಲಿ ತರಿಸಿಕೊಂಡವನಲ್ಲ. ಬದುಕಿನಲ್ಲಿ ಅವಳಿಗೆ ವಹಿಸಿ ಹೋದದ್ದು ಇದೊಂದನ್ನೇ.

*

ಕೆಂಪು ಬಟ್ಟೆಯ ಪದ್ಧತಿ ಶುರುವಾಗಿದ್ದೂ ಅವಳಿಂದಲೇ.

ಅಂಗಡಿ ಹಾಕಿದ ಹೊಸತು. ಯಾರದೋ ಕಂಪ್ಯೂಟರಿಗೆ ಅಪ್‌ಡೇಟು ಬಂದು, ಅದು ಅರ್ಧಕ್ಕೆ ಕೆಟ್ಟು, ಹಚ್ಚಿದರೆ ತಾನೇ ಆರಿ, ಆರಿದರೆ ತಾನೇ ಹೊತ್ತಿಕೊಂಡು ಸುತ್ತು ಹೊಡೆಯುತ್ತಿತ್ತು. ಅಣ್ಣ ಅದರ ಮುಂದೆ ಎರಡು ದಿನ ಕೂತಿದ್ದ. ತಂಗಿಯ ಕಣ್ಣಿಗೆ ಅದು ಕೆಲಸದ ಹಾಗೇ ಕಾಣುತ್ತಿರಲಿಲ್ಲ. ಅವಳ ಕೆಲಸದಲ್ಲಿ ಕೈ ಓಡಬೇಕು, ಕಾಲು ತುಳಿಯಬೇಕು. ಇವನೋ, ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಇಳಿಯುವುದನ್ನು ಗಲ್ಲಕ್ಕೆ ಕೈಕೊಟ್ಟು ನೋಡುತ್ತಾನೆ, ನಡುವೆ ಒಂದು ಸಾಲು ಬರೆಯುತ್ತಾನೆ, ಮತ್ತೆ ಗಲ್ಲಕ್ಕೆ ಕೈ. ಮನೆಯಲ್ಲಿ ಕೂತು ತಿನ್ನುವ ಗಂಡಸರಿಗೆ ಹೇಳಿ ಮಾಡಿಸಿದ ಕಸುಬು ಎಂದುಕೊಂಡಿದ್ದಳು. ಅವನು ಟೀ ತರಲು ಹೋದಾಗ ಅವಳಿಗೆ ಇಸ್ತ್ರಿ ಪೆಟ್ಟಿಗೆಗೆ ಜಾಗ ಬೇಕಾಯಿತು. ಪರದೆ ಹೇಗೂ ಅಲ್ಲಾಡುತ್ತಿರಲಿಲ್ಲ. ಪ್ಲಗ್ಗು ಕಿತ್ತಳು, ಇಸ್ತ್ರಿ ಪೆಟ್ಟಿಗೆ ಹಾಕಿದಳು.

ಅವನು ಎರಡು ಲೋಟ ಟೀ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತ. ಬೈಗುಳ ಬರುತ್ತದೆ ಎಂದು ಅವಳು ಇಸ್ತ್ರಿ ಮಾಡುವುದನ್ನು ನಿಲ್ಲಿಸಿದಳು. ಅವನು ಅವಳ ಲೋಟ ಅವಳಿಗೆ ಕೊಟ್ಟು, ತನ್ನದನ್ನು ಪೂರ್ತಿ ಕುಡಿದು ಮುಗಿಸಿ, ಆಮೇಲೆ ಕೇಳಿದ.

"ಒಂದು ಕೋಟಿನ ಹಳೇ ಹೊಲಿಗೆ ಎಲ್ಲ ಬಿಚ್ಚಿಟ್ಟಿದೀಯ ಅಂದ್ಕೋ. ಹೊಸಾದು ಹಾಕೋಕೆ ಮೊದ್ಲೇ ಗಿರಾಕಿ ಬಂದು ತೊಟ್ಕೊಂಡು ಹೊರಟುಬಿಟ್ರೆ?"

"ತೋಳು ರಸ್ತೇಲಿ ಬಿದ್ದಿರತ್ತೆ."

"ಈಗ ಇದರ ತೋಳು ರಸ್ತೇಲಿದೆ," ಎಂದು ಕಂಪ್ಯೂಟರಿನ ಕಡೆ ತಲೆ ಆಡಿಸಿದ.

ಅವಳಿಗೆ ಕೆಲಸ ಅರ್ಥವಾಗಿದ್ದು ಅವತ್ತೇ. ಬೇರೆಯವರಾಗಿದ್ದರೆ ಎಲ್ಲವನ್ನೂ ಅಳಿಸಿ ಹೊಸ ವ್ಯವಸ್ಥೆ ಹಾಕಿ ಸಂಜೆಯೊಳಗೆ ಕೈತೊಳೆದುಕೊಳ್ಳುತ್ತಿದ್ದರು. ಅವನು ಹಾಗೆ ಮಾಡುತ್ತಿರಲಿಲ್ಲ. ಕೆಟ್ಟ ಅಪ್‌ಡೇಟು ಎಲ್ಲೆಲ್ಲಿ ಕೈಯಾಡಿಸಿದೆಯೋ ಅಲ್ಲೆಲ್ಲ ಹೋಗಿ, ಅದು ಹಾಕಿದ್ದನ್ನು ಬಿಚ್ಚಿ, ಹಳೆಯದನ್ನು ತಂದು ಇದ್ದ ಜಾಗದಲ್ಲೇ ಕೂರಿಸುತ್ತಿದ್ದ. ಗಂಟುಬಿದ್ದ ದಾರವನ್ನು ಕತ್ತರಿಯಿಲ್ಲದೆ ಬಿಡಿಸುವ ಕೆಲಸ. ಅದಕ್ಕೆ ಎಷ್ಟು ತಾಳ್ಮೆ ಬೇಕೆಂದು ದರ್ಜಿಗೆ ಹೇಳಿಕೊಡಬೇಕಾಗಿಲ್ಲ. ಆ ಗಿರಾಕಿಯ ಕೆಲಸವನ್ನು ಅವನು ಮೊದಲಿನಿಂದ ಮಾಡಿದ. ಕೂರುವ ಮುಂಚೆ ನೆಲದಿಂದ ಒಂದು ಕೆಂಪು ಚೂರು ಎತ್ತಿ ಪ್ಲಗ್ಗಿಗೆ ಕಟ್ಟಿ, "ಇದು ಇರೋವರೆಗೂ ಕೋಟು ಬಿಚ್ಚಿದೆ ಅಂತ ಲೆಕ್ಕ," ಎಂದ.

ಕಟ್ಟುವುದು ಅವನು, ಬಿಚ್ಚುವುದು ಕಂಪ್ಯೂಟರಿನ ಯಜಮಾನರು. ಅದು ಅವನ ಇನ್ನೊಂದು ಹಟ. ರಿಪೇರಿ ಮುಗಿದ ಮೇಲೆ ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ, "ನಿಮ್ಮದೆಲ್ಲ ಇದ್ದಲ್ಲೇ ಇದೆಯಾ ನೋಡ್ಕೊಳ್ಳಿ. ಇದ್ರೆ ಬಿಚ್ಚಿ," ಎನ್ನುತ್ತಿದ್ದ. ಅವರು ಮಕ್ಕಳ ಫೋಟೊ, ಹಳೆಯ ಕಾಗದಪತ್ರ ಎಲ್ಲ ತೆರೆದು ನೋಡಿ, ಮಂಡಿಯೂರಿ ಬಟ್ಟೆ ಬಿಚ್ಚಿ ಅವನ ಕೈಗೆ ಕೊಡಬೇಕು. ಕೋಟು ತೊಟ್ಟವರೂ ಆ ಮೇಜಿನ ಕೆಳಗೆ ಮಂಡಿಯೂರಿದ್ದಾರೆ.

*

ಬಂದವರು ಸುಮ್ಮನೆ ಕೂರಲಾರದೆ ಅವನ ಮಾತು ತೆಗೆದರು. ಔಷಧಿ ಅಂಗಡಿಯವನು ಆ ಒಂದು ಸೋಮವಾರವನ್ನು ಚಿಕ್ಕಪ್ಪನಿಗೆ ಹೇಳುತ್ತಿದ್ದ. ಅವತ್ತು ಬೆಳಗ್ಗೆ ಇಡೀ ಬೀದಿಯ ಕಂಪ್ಯೂಟರುಗಳು ಒಟ್ಟಿಗೇ ನೀಲಿ ಬಣ್ಣಕ್ಕೆ ತಿರುಗಿ ನಿಂತುಬಿಟ್ಟಿದ್ದವು. ರಾತ್ರಿ ಎಲ್ಲವಕ್ಕೂ ಒಂದೇ ಕೆಟ್ಟ ಅಪ್‌ಡೇಟು ಬಂದಿತ್ತು. ಜನ ಕಂಪ್ಯೂಟರುಗಳನ್ನು ಹೊದಿಕೆಯಲ್ಲಿ ಸುತ್ತಿಕೊಂಡು, ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಈ ಬಾಗಿಲಿಗೆ ಬಂದರು. ಒಬ್ಬಾಕೆ ನಿಜಕ್ಕೂ ಕೂಸಿನ ಗಾಡಿಯಲ್ಲಿ ಕಂಪ್ಯೂಟರು ಮಲಗಿಸಿ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ನಿಧಾನಪ್ಪ ಸಾಲಿನ ಉದ್ದಕ್ಕೂ ನಡೆದು, ಇದು ಇಲ್ಲದಿದ್ದರೆ ನಿಮ್ಮಲ್ಲಿ ಯಾವ ಕೆಲಸ ನಿಲ್ಲುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿದ. ಯಾರಿಗೆ ಯಾವ ಔಷಧಿ, ಎಷ್ಟು ಎಂಬುದೆಲ್ಲ ಔಷಧಿ ಅಂಗಡಿಯ ಕಂಪ್ಯೂಟರಿನಲ್ಲಿತ್ತು; ಅದು ಮೊದಲು ಒಳಗೆ ಹೋಯಿತು. ದೊಡ್ಡ ಆಫೀಸಿನ ಮ್ಯಾನೇಜರು ಮುಂದೆ ನುಗ್ಗಿ ಬಂದಾಗ ಅವರಿಗೂ ಸಿಕ್ಕಿದ್ದು "ತಾಳಿ" ಅಷ್ಟೇ.

"ಮ್ಯಾನೇಜರು ಏನ್ಮಾಡಿದ್ರು?" ಎಂದರು ಚಿಕ್ಕಪ್ಪ.

"ತಾಳಿದ್ರು. ಕೋಟು ಬಿಚ್ಚಿಟ್ಟು ಎಲ್ರಿಗೂ ಟೀ ಹಂಚಿದ್ರು. ಅಲ್ನೋಡಿ, ಹೂ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾರಲ್ಲ, ಅವರೇ."

ಬಾಗಿಲಲ್ಲಿದ್ದ ಮ್ಯಾನೇಜರು ಹೌದೆಂದು ತಲೆಯಾಡಿಸಿದರು. ತಂಗಿಗೆ ಆ ವಾರ ನೆನಪಿತ್ತು. ಕೆಂಪು ಚೂರು ಸಾಲದೆ, ಅವಳು ಹೊಸ ಕೆಂಪು ಬಟ್ಟೆಯ ಥಾನಿನ ಅಂಚನ್ನೇ ಕತ್ತರಿಸಿ ಅಣ್ಣನಿಗೆ ಕೊಟ್ಟಿದ್ದಳು. ಮೇಜಿನ ಕೆಳಗೆ ಕೆಂಪು ಬಾಲದ ಪ್ಲಗ್ಗುಗಳು ಹಿಂಡುಹಿಂಡಾಗಿ ಬಿದ್ದಿದ್ದವು. ಒಂದು ಫೋಟೊವಾಗಲಿ ಒಂದು ಕಾಗದವಾಗಲಿ ಯಾರದೂ ಕಳೆದುಹೋಗಲಿಲ್ಲ. ಆ ವಾರ ಅಣ್ಣನನ್ನು ನೋಡಿ ಅವಳಿಗೆ ಹೆಮ್ಮೆಯಾಗಿತ್ತು. ಹೇಳಿರಲಿಲ್ಲ, ಅಷ್ಟೇ, ಅವರ ಮನೆಯಲ್ಲಿ ಅಂಥದನ್ನೆಲ್ಲ ಹೇಳುವ ರೂಢಿಯಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿದ್ದವರು ಸರಿದು ದಾರಿ ಬಿಟ್ಟರು. ಮೈಕು ಬಂದಿದ್ದ.

ಮೈಕು ಎಂದರೆ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋಗುವುದನ್ನು ಮೈಕಿನಲ್ಲಿ ಕೂಗುತ್ತಿದ್ದವನು. ಇಡೀ ಊರು ಅವನ ಮುಖ ನೋಡದೆಯೂ ದನಿ ಬಲ್ಲದು. ನಾಲ್ಕು ವರ್ಷದ ಕೆಳಗೆ ಗಂಟಲಿನ ಆಪರೇಷನ್ ಆಗಿ ಆ ದನಿ ಹೋಯಿತು. ಈಗ ಕುತ್ತಿಗೆಗೆ ಮಫ್ಲರು, ಎದೆಗೆ ದಾರದಲ್ಲಿ ತೂಗುವ ಒಂದು ಸಣ್ಣ ಸ್ಲೇಟು. ನಿಧಾನಪ್ಪನಿಗೂ ಅವನಿಗೂ ಚಡ್ಡಿ ಹಾಕುವ ಕಾಲದಿಂದ ಗೆಳೆತನ. ಅವನು ಮಂಚದ ಬಳಿ ನಿಂತು, ಅಭ್ಯಾಸಬಲದಿಂದ ಬಾಯಿ ತೆರೆದ, ಮುಚ್ಚಿದ. ಆಮೇಲೆ ತಂಗಿಯ ಹತ್ತಿರ ಬಂದು ಸ್ಲೇಟಿನ ಮೇಲೆ ಬರೆದು ತೋರಿಸಿದ: 'ನನ್ನ ಕೆಲಸಕ್ಕೇ ನಿದ್ದೆಗೆಟ್ಟ.'

ಅವಳು ಓದಿ, ಅಂಗೈಯಿಂದ ಅದನ್ನು ಒರೆಸಿಬಿಟ್ಟಳು.

"ನಿದ್ದೆಗೆಡೋದು ಅವನಿಗೆ ಹೊಸದಾ ಮೈಕಣ್ಣ? ಬನ್ನಿ ಇಲ್ಲಿ. ನಿಮ್ಮದು ಇನ್ನೂ ನಡೀತಿದೆ."

ಅವನ ಕಂಪ್ಯೂಟರು ಕೆಟ್ಟದ್ದೂ ಅವನಂಥವನಿಗೆ ಮಾತ್ರ ಆಗಬಹುದಾದ ರೀತಿಯಲ್ಲೇ. ಅವನ ಮಾತೆಲ್ಲ ಅದರಲ್ಲಿತ್ತು. ಆಪರೇಷನ್ನಿಗೆ ಮುಂಚೆ ತನ್ನದೇ ದನಿಯಲ್ಲಿ ಹಿಡಿದಿಟ್ಟ ಮಾತುಗಳು. ಪರದೆಯ ಮೇಲಿನ ಗುಂಡಿ ಒತ್ತಿದರೆ ಕಂಪ್ಯೂಟರು ಅವನ ದನಿಯಲ್ಲಿ ಆಡುತ್ತಿತ್ತು. ಹೋದ ವಾರ ಅದಕ್ಕೆ ಅಪ್‌ಡೇಟು ಬಂತು. 'ಆಫ್ ಮಾಡಬೇಡಿ' ಎಂದು ಪರದೆಯ ಮೇಲೆ ಬರೆದುಕೊಂಡು ಚುಕ್ಕಿಗಳು ಸುತ್ತುತ್ತಿದ್ದಾಗ ಫೋನು ಹೊಡೆದುಕೊಂಡಿತು. ದೂರದಲ್ಲಿರುವ ಮಗಳ ಫೋನು. ಎತ್ತಿದ. ಮಗಳು ಅಪ್ಪಾ, ಅಪ್ಪಾ ಎಂದು ಕರೆಯುತ್ತಲೇ ಇದ್ದಳು. ಇವನು ಹಲೋ ಎನ್ನಬೇಕಾದರೆ ಕಂಪ್ಯೂಟರು ಬೇಕು. ಮಗಳ ದನಿಯಲ್ಲಿ ಗಾಬರಿ ಏರಿದ್ದು ಕೇಳಿ ತಡೆಯಲಾರದೆ, ಆರಿಸಿ ಹಚ್ಚಿದರೆ ಸರಿಹೋದೀತೆಂದು ಪ್ಲಗ್ಗು ಕಿತ್ತ. ಅಪ್‌ಡೇಟು ಅರ್ಧಕ್ಕೆ ಹರಿದುಹೋಯಿತು. ಒಂದು ಹಲೋ ಅನ್ನಲು ಹೋಗಿ ಎಲ್ಲ ಮಾತನ್ನೂ ಕಳೆದುಕೊಂಡ. ನಡುವೆ ಪ್ಲಗ್ಗು ಕಿತ್ತವರಿಗೆ ಕೋಟಿನ ಮಾತು ಹೇಳದೆ ಬಿಡದ ನಿಧಾನಪ್ಪ ಅವನಿಗೆ ಮಾತ್ರ ಏನೂ ಅನ್ನಲಿಲ್ಲ. ತಾನೇ ಹೋಗಿ ಕಂಪ್ಯೂಟರನ್ನು ಎತ್ತಿಕೊಂಡು ಬಂದ.

ಎದುರು ಸಾಲಿನ ಹೊಸ ಕಂಪ್ಯೂಟರ್ ಅಂಗಡಿಯವನು ಗುಂಪಿನಲ್ಲಿದ್ದ. ಒಂದೇ ಬೀದಿಯಲ್ಲಿ ಒಂದೇ ಕಸುಬಿನ ಇಬ್ಬರಿದ್ದರೆ ಎಷ್ಟು ಇರಬೇಕೋ ಅಷ್ಟು ಪೈಪೋಟಿ ಅವರಲ್ಲಿತ್ತು. ಬಿಡಿಸಲಾಗದ ಗಂಟುಗಳನ್ನು ಅವನು ಸದ್ದಿಲ್ಲದೆ ಇಲ್ಲಿಗೇ ಕಳಿಸುತ್ತಿದ್ದ ಎಂಬುದೂ ನಿಜ. ತಂಗಿ ಅವನನ್ನು ಕರೆದು, ಏನಾಗಿದೆ ನೋಡು ಎಂದಳು. ಅವನು ಪರದೆ ಮಾತ್ರ ಹಚ್ಚಿದ. ಕಪ್ಪಿನ ಮೇಲೆ ಬಿಳಿ ಸಾಲುಗಳು, ತಳದಲ್ಲಿ ಒಂದು ಅಂಕಿ: ನೂರಕ್ಕೆ ಎಂಬತ್ತೊಂಬತ್ತು. ಅವನು ನೋಡುತ್ತ ನಿಂತ. ಅಂಕಿ ಅಲ್ಲಾಡಲಿಲ್ಲ.

"ಹಾರ್ಡ್ ಡಿಸ್ಕ್ ತುಂಬಾ ಹಳೇದು ಅಕ್ಕ. ಒಂದೊಂದೇ ಕಡತ ಓದಿ, ಹಾಳಾಗಿರೋದನ್ನ ಸರಿಮಾಡೋಕೆ ಹಚ್ಚಿದಾರೆ. ನಿನ್ನೆಯಿಂದ ನಡೀತಿರಬಹುದು. ಅಥವಾ," ಅವನು ಕೆಮ್ಮಿದ, "ನಡುವೆ ನಿಂತುಹೋಗಿರಬಹುದು."

"ಅಳಿಸಿ ಹೊಸದಾಗಿ ಹಾಕಿದ್ರೆ?" ಎಂದರು ಚಿಕ್ಕಪ್ಪ.

ಕಡತ ಉಳಿಸಬಹುದು, ದನಿ ಉಳಿಯುವುದಿಲ್ಲ ಎಂದ ಅವನು. ಮೈಕಿನ ಮಾತುಗಳನ್ನು ಹಿಡಿದಿಟ್ಟ ಪ್ರೋಗ್ರಾಂ ಬಹಳ ಹಳೆಯದು, ಅದನ್ನು ಮಾಡಿದವರು ಬಾಗಿಲು ಹಾಕಿಕೊಂಡು ಹೋಗಿದ್ದಾರೆ. ಈ ಕಂಪ್ಯೂಟರಿನ ಹಳೆಯ ವ್ಯವಸ್ಥೆಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ತೆರೆದುಕೊಳ್ಳುವುದಿಲ್ಲ. ನಿಧಾನಪ್ಪ ಇಷ್ಟು ನಿಧಾನದ ದಾರಿ ಹಿಡಿದದ್ದು ಅದಕ್ಕೇ.

ತಂಗಿ ಸ್ಟೂಲಿನಿಂದ ಬಗ್ಗಿ ಕಂಪ್ಯೂಟರಿನ ಪಕ್ಕಕ್ಕೆ ಅಂಗೈ ಇಟ್ಟಳು. ಹೊಲಿಗೆ ಯಂತ್ರದ ಮೋಟಾರು ಸುಮ್ಮನೆ ತಿರುಗುತ್ತಿದೆಯೋ ಸೂಜಿ ಇಳಿಯುತ್ತಿದೆಯೋ ಎಂದು ಕೈಯಲ್ಲೇ ತಿಳಿಯುವವಳು. ಒಳಗೆ ಏನೋ ಕೆರೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೆರೆಯುತ್ತಿತ್ತು. ಹೊಸ ಅಂಗಡಿಯವನೂ ಕಿವಿಯಿಟ್ಟು ಕೇಳಿದ.

"ಹೌದಕ್ಕ. ಓದ್ತಾ ಇದೆ."

ಅವನು ಹಾಗೆ ಅನ್ನುವುದಕ್ಕೂ ಹೊರಗೆ ಶವದ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಡ್ರೈವರು ಎಂಜಿನ್ ಆರಿಸದೆ ಒಂದು ಸಲ ಹಾರನ್ ಒತ್ತಿದ.

*

ಮೈಕಿನ ದನಿ ಹಿಡಿದದ್ದು ಆಪರೇಷನ್ನಿನ ಹಿಂದಿನ ವಾರ, ಇದೇ ಕೋಣೆಯಲ್ಲಿ. ಬಾಗಿಲು ಹಾಕಿ, ಫ್ಯಾನು ಆರಿಸಿ, ತಂಗಿಯ ಹೊಲಿಗೆಯನ್ನೂ ನಿಲ್ಲಿಸಲಾಯಿತು. ಅವಳು ಸದ್ದಾಗದ ಕೆಲಸವೆಂದು ಗುಂಡಿ ಹೊಲಿಯುತ್ತ ಕೂತಿದ್ದಳು. ದಿನನಿತ್ಯಕ್ಕೆ ಬೇಕಾದ ಮಾತುಗಳನ್ನೆಲ್ಲ ಅಣ್ಣ ಒಂದೊಂದಾಗಿ ಹೇಳಿಸುವುದು, ಮೈಕು ಹೇಳುವುದು. ತೊಂದರೆಯೆಂದರೆ ಮೈಕಿಗೆ ಮೈಕು ಕಂಡರೆ ಬೆನ್ನು ನೆಟ್ಟಗಾಗುತ್ತಿತ್ತು. ಗಂಟಲು ಸರಿಮಾಡಿಕೊಂಡು, ಎದೆಯುಬ್ಬಿಸಿ, ಒಂದೊಂದು ಅಕ್ಷರವನ್ನೂ ಎಳೆದು, "ನೀರು ಬೇಕು" ಎಂದ.

"ಲೋ, ನೀನು ನೀರು ಕೇಳ್ತಿದೀಯೋ, ಇಲ್ಲ ನೀರು ಎರಡನೇ ಪ್ಲಾಟ್‌ಫಾರ್ಮಿಗೆ ಬರ್ತಿದೆ ಅಂತಿದೀಯೋ?" ಎಂದ ಅಣ್ಣ.

ತಂಗಿ ಸೂಜಿ ಚುಚ್ಚಿಕೊಂಡು ನಕ್ಕಳು. 'ಊಟ ಆಯ್ತು' ಎಂಬ ಗುಂಡಿಯಲ್ಲಿ ಇವತ್ತಿಗೂ ಹಿಂದೆ ಅವಳ ನಗು ಸಣ್ಣಗೆ ಕೇಳುತ್ತದೆ. ಮತ್ತೊಮ್ಮೆ ಹೇಳು ಎಂದರೆ ಮತ್ತೂ ಗಂಭೀರವಾಗಿ ಹೇಳುತ್ತಿದ್ದ. ಬಾಗಿಲು ತೆಗೀರಿ, ತಲೆ ನೋಯ್ತಿದೆ, ಮಗಳೇ ಹೇಗಿದೀಯ, ಹೋಗಿ ಬನ್ನಿ, ಎಲ್ಲವೂ ಬಸ್ಸು ಹೊರಡುವ ಧಾಟಿಯಲ್ಲೇ ಬಂದವು. ಮಧ್ಯಾಹ್ನ ಕಳೆದು ಸಂಜೆಯಾಯಿತು. ಅಣ್ಣ ಏನೋ ಸರಿಮಾಡುತ್ತ ಗಲ್ಲಕ್ಕೆ ಕೈಕೊಟ್ಟು ಕೂತ. ಬೆವರಿ ಬೇಸತ್ತ ಮೈಕು ಕುರ್ಚಿಗೆ ಒರಗಿ, ಬೆನ್ನು ಸಡಿಲಬಿಟ್ಟು ಹೇಳಿದ:

"ಆಯ್ತೇನೋ ನಿಧಾನಪ್ಪ? ಇನ್ನೂ ಎಷ್ಟೊತ್ತೋ?"

ಅದೂ ದಾಖಲಾಗಿತ್ತು. ಅಳಿಸು ಎಂದ ಮೈಕು. ಅಳಿಸುವುದೆಂದರೆ ಅಣ್ಣನಿಗೆ ಆಗದು. ಮತ್ತೆ ಮತ್ತೆ ಹಾಕಿ ಕೇಳಿದ.

"ಇದೊಂದೇ ಕಣೋ ನಿನ್ನ ಥರ ಇರೋದು," ಎಂದು ಕೊನೆಯ ಸಾಲಿನ ಕೊನೆಯಲ್ಲಿ ಅದಕ್ಕೂ ಒಂದು ಗುಂಡಿ ಮಾಡಿಟ್ಟ.

ಆಪರೇಷನ್ ಆದ ಮೇಲೆ ಅತಿ ಹೆಚ್ಚು ಬಳಕೆಯಾದದ್ದು ಆ ಗುಂಡಿಯೇ. ದಿನಾ ಸಂಜೆ ಅಣ್ಣ ಅಂಗಡಿ ಮುಚ್ಚಿ ಮೈಕಿನ ಮನೆಗೆ ಚದುರಂಗಕ್ಕೆ ಹೋಗುತ್ತಿದ್ದ. ತಂಗಿ ಊಟಕ್ಕೆ ಕರೆಯಲು ಹೋದಾಗಲೆಲ್ಲ ಅದೇ ಕತೆ. ಅಣ್ಣ ಕುದುರೆಯ ಮೇಲೆ ಬೆರಳಿಟ್ಟುಕೊಂಡು ಯೋಚಿಸುತ್ತಿರುವನು. ಮೈಕು ತಾಳ್ಮೆಗೆಟ್ಟು ಪಕ್ಕಕ್ಕೆ ಕೈಚಾಚಿ ಗುಂಡಿ ಒತ್ತುವನು. ಆಯ್ತೇನೋ ನಿಧಾನಪ್ಪ? ಇನ್ನೂ ಎಷ್ಟೊತ್ತೋ? ಅಣ್ಣ ತಲೆ ಎತ್ತದೆ, "ತಾಳೋ," ಎನ್ನುವನು. ಉತ್ತರ ಬರುವವರೆಗೂ ಮೈಕು ಅವನ ಕಡೆಗೆ ಕಿವಿ ವಾಲಿಸಿಕೊಂಡು ಕೂತಿರುವನು.

*

ಗಾಡಿ ಬಂದು ಬಹಳ ಹೊತ್ತಾಗಿತ್ತು. ಅಂಕಿ ತೊಂಬತ್ತಾಗಿ, ತೊಂಬತ್ತರಲ್ಲೇ ಕೂತು, ಹೇಳದೆ ಕೇಳದೆ ತೊಂಬತ್ತಾರಕ್ಕೆ ಹಾರಿ ಮತ್ತೆ ಕೂತಿತ್ತು. ಅಂಗಡಿಯಲ್ಲಿದ್ದವರಲ್ಲಿ ಅರ್ಧ ಜನ ಮಂಚಕ್ಕೆ ಬೆನ್ನು ಮಾಡಿ ಪರದೆ ನೋಡುತ್ತಿದ್ದರು. ಹಾಗೆ ನಿಂತದ್ದು ತಿಳಿದಾಗ ನಾಚಿ ತಿರುಗುತ್ತಿದ್ದರು, ಮತ್ತೆ ಪರದೆ ನೋಡುತ್ತಿದ್ದರು. ಡ್ರೈವರು ಎರಡು ಸಲ ಒಳಗೆ ಬಂದು ಹೋದ. ಇನ್ನೊಂದು ಮನೆಗೆ ಹೋಗಬೇಕು, ಸ್ಮಶಾನದಲ್ಲಿ ಐದಕ್ಕೆ ಗೇಟು ಹಾಕುತ್ತಾರೆ ಎಂದ. ಎಂಜಿನ್ನು ಹೊರಗೆ ಗುರುಗುಟ್ಟುತ್ತಲೇ ಇತ್ತು.

ಚಿಕ್ಕಪ್ಪನಿಗೂ ಕಸಿವಿಸಿ. ಅವರು ತಂಗಿಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ಒಂದು ಪೆಟ್ಟಿಗೆಗೋಸ್ಕರ ಮನುಷ್ಯನನ್ನ ಕಾಯಿಸೋದು ಸರಿಯಾ ಅಮ್ಮ? ವಾಪಸ್ ಬಂದು ನೋಡಿದ್ರಾಯ್ತು."

ಮೈಕು ಅದನ್ನು ಕೇಳಿಸಿಕೊಂಡು ಸ್ಲೇಟಿನಲ್ಲಿ 'ಹೋಗೋಣ, ಪರವಾಗಿಲ್ಲ' ಎಂದು ಬರೆದ. ಅವನ ಕೈ ಹಾಗೆ ಬರೆಯುತ್ತಿತ್ತು, ಕಣ್ಣು ಅಂಕಿಯ ಮೇಲಿತ್ತು. ಗೆಳೆಯನಿಗೆ ಏನಾದರೂ ಹೇಳಬೇಕಿದ್ದರೆ ಈ ಮಂಚ ಬಾಗಿಲು ದಾಟುವ ಮೊದಲು ಹೇಳಬೇಕು. ಆಮೇಲೆ ದನಿ ಬಂದೂ ಯಾರಿಗೆ? ಎಲ್ಲರಿಗೂ ಅದು ಗೊತ್ತಿತ್ತು. ತಂಗಿ ಕೈಚಾಚಿ ಸ್ಲೇಟನ್ನು ಮತ್ತೆ ಒರೆಸಿದಳು.

"ಊರನ್ನೆಲ್ಲ ಕಾಯಿಸಿದೋನು ಚಿಕ್ಕಪ್ಪ ಅವನು. ಇವತ್ತೊಂದು ದಿನ ಅವನೂ ಕಾಯ್ಲಿ."

ಯಾರೋ ನಕ್ಕರು. ನಕ್ಕವರು ಮ್ಯಾನೇಜರು. ಬಾಯಿಗೆ ಕರವಸ್ತ್ರ ಒತ್ತಿಕೊಂಡರೂ ನಗು ಪಕ್ಕದವರಿಗೆ ಹತ್ತಿತು. ತನ್ನ ಅಂತ್ಯಕ್ರಿಯೆಗೂ ಹೊತ್ತು ಮೀರಿಸಿದವನು ಇಡೀ ಊರಲ್ಲಿ ಇವನೊಬ್ಬನೇ ಎಂದು ಔಷಧಿ ಅಂಗಡಿಯವನು ಕಣ್ಣು ಒರೆಸಿಕೊಂಡ. ಚಿಕ್ಕಪ್ಪ ಮೊದಲು ಗಂಟುಮುಖ ಹಾಕಿದರು, ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಪರದೆಯ ಮುಂದೆಯೇ ಕೂತರು. ಅಣ್ಣನಿಗೆ ಇಷ್ಟು ಜನ ಬೇಕಾದವರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕೋಣೆಯನ್ನೆಲ್ಲ ಒಮ್ಮೆ ಸುತ್ತ ನೋಡಿದರು.

ಅಂಕಿ ನೂರಾದದ್ದನ್ನು ಮೊದಲು ಕಂಡವರು ಅವರೇ. "ಆಯ್ತು," ಎಂದರು. ಅಷ್ಟರಲ್ಲಿ ಪರದೆ ಪೂರ್ತಿ ಕಪ್ಪಾಯಿತು.

ಹೊಸ ಅಂಗಡಿಯವನು ಕೈಕಟ್ಟಿ ನಿಂತಿದ್ದ. ಏನಾದರೂ ಮಾಡಬೇಕೇ ಎಂದು ತಂಗಿ ಅವನ ಮುಖ ನೋಡಿದಳು. ಬೇಡ ಎಂದು ತಲೆಯಾಡಿಸಿದ. "ಮಾಡೋದೆಲ್ಲ ಅವರೇ ಹೇಳಿಟ್ಟು ಹೋಗಿದಾರೆ ಅಕ್ಕ. ತಾನೇ ಏಳತ್ತೆ."

ಚುಕ್ಕಿಗಳು ಬಂದವು. ಸುತ್ತಿದವು, ಮಾಯವಾದವು, ಇನ್ನೊಂದು ಸುತ್ತು ಬಂದವು. ಆಮೇಲೆ ಪರದೆ ತುಂಬ ಮೈಕಿನ ಮಗಳ ಮುಖ, ಹಲ್ಲು ಬಿದ್ದ ವಯಸ್ಸಿನದು. ಅದರ ಮೇಲೆ ಒಂದೊಂದಾಗಿ ಗುಂಡಿಗಳ ಸಾಲುಗಳು ಮೂಡಿದವು.

ಹೊಸ ಅಂಗಡಿಯವನು ಕುರ್ಚಿಯನ್ನು ಮೈಕಿನ ಕಡೆ ತಳ್ಳಿದ. ಮೈಕು ಕೂರಲಿಲ್ಲ, ತಂಗಿಯನ್ನು ನೋಡಿದ. ಈ ಅಂಗಡಿಯಲ್ಲಿ ಅದಕ್ಕೂ ಮುಂಚೆ ಒಂದು ಮಾತಿದೆ. ಅದನ್ನು ಹೇಳುವವನು ಮಂಚದ ಮೇಲಿದ್ದ. ಅವನ ಬದಲು ತಂಗಿಯೇ ಹೇಳಿದಳು.

"ನಿಮ್ಮದೆಲ್ಲ ಇದ್ದಲ್ಲೇ ಇದೆಯಾ ನೋಡ್ಕೊಳ್ಳಿ ಮೈಕಣ್ಣ. ಇದ್ರೆ ಬಿಚ್ಚಿ."

ಅವನು ಕೂತು ಮೊದಲ ಗುಂಡಿ ಒತ್ತಿದ. "ನೀರು ಬೇಕು," ಎಂದಿತು ಕಂಪ್ಯೂಟರು, ಬಸ್ ನಿಲ್ದಾಣದ ಆ ದೊಡ್ಡ ದನಿಯಲ್ಲಿ. ಹೊರಗೆ ಬೀದಿಯಲ್ಲಿ ನಿಂತಿದ್ದವರೂ ತಲೆ ಎತ್ತಿದರು. ಎರಡನೆಯದನ್ನು ಒತ್ತಿದ. "ಊಟ ಆಯ್ತು," ಎಂದಿತು, ಹಿಂದೆ ಸಣ್ಣಗೆ ಒಂದು ಹೆಂಗಸಿನ ನಗು. ತಂಗಿ ಸೆರಗು ಬಾಯಿಗೆ ಹಿಡಿದಳು. ಮೈಕು ಸಾಲುಗಳನ್ನೆಲ್ಲ ಕಣ್ಣಿನಿಂದ ತಡವಿ, ಇಳಿದು, ಮೇಜಿನ ಕೆಳಗೆ ಮಂಡಿಯೂರಿದ. ಗಂಟು ಬಿಗಿಯಾಗಿತ್ತು. ದರ್ಜಿಯ ಮನೆಯಲ್ಲಿ ಕಟ್ಟಿದ ಗಂಟು. ಕತ್ತರಿ ಅವಳ ಕೈಗೆಟಕುವಲ್ಲೇ ಇತ್ತು, ಅವಳು ಕೊಡಲಿಲ್ಲ, ಅವನೂ ಕೇಳಲಿಲ್ಲ. ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿದ. ಬಟ್ಟೆಯ ಚೂರನ್ನು ತಂದು, ನಿಧಾನಪ್ಪನ ಅಂಗಿಯ ಜೇಬಿನಲ್ಲಿ ಇಟ್ಟ.

ಗಾಡಿಗೆ ಎತ್ತಲು ನಾಲ್ಕು ಜನ ಮಂಚದ ಬಳಿ ಬಂದರು. ಮೈಕು ಒಂದು ನಿಮಿಷ ಎಂಬಂತೆ ಬೆರಳೆತ್ತಿ, ಕಂಪ್ಯೂಟರಿನ ಮುಂದೆ ಮತ್ತೆ ಕೂತ. ಪರದೆಯ ಬಾಣ ಸಾಲಿನಿಂದ ಸಾಲಿಗೆ ಹೋಯಿತು. 'ಹೋಗಿ ಬನ್ನಿ' ಎಂಬುದರ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಅಲ್ಲಿಂದಲೂ ಹೊರಟು, ಕೆಳಗಿಳಿದು, ಕೊನೆಯ ಸಾಲಿನ ಕೊನೆಗೆ ಹೋಯಿತು.

"ಆಯ್ತೇನೋ ನಿಧಾನಪ್ಪ? ಇನ್ನೂ ಎಷ್ಟೊತ್ತೋ?"

ಆ ದನಿ ಬಸ್ ನಿಲ್ದಾಣದ್ದಾಗಿರಲಿಲ್ಲ. ಬೆವರಿದ, ಬೇಸತ್ತ, ಕುರ್ಚಿಗೆ ಒರಗಿದ ಗೆಳೆಯನ ದನಿ. ಎತ್ತಲು ಬಗ್ಗಿದವರ ಕೈ ಹಾಗೇ ನಿಂತಿತು. ಮೈಕು ಗುಂಡಿಯಿಂದ ಬೆರಳು ತೆಗೆದು, ದಿನಾ ಸಂಜೆಯ ಹಾಗೆ, ಮಂಚದ ಕಡೆಗೆ ಕಿವಿ ವಾಲಿಸಿಕೊಂಡು ಕೂತ.

ಹೊರಗೆ, ಡ್ರೈವರು ಗಾಡಿಯ ಎಂಜಿನ್ ಆರಿಸಿದ.